ತೊಳೆದ ಮೇಲೆ ಓಪಲ್ ಬಣ್ಣ ಹೋಯ್ತು, ಹಳೇ ಬ್ರೂಚ್

ಹಳೇಪೆಟ್ಟಿಗೆ:
1950ರ ದಶಕದ್ದು ಅಂತ ಕೊಂಡಿದ್ದ ಬ್ರೂಚ್. ನಡುವೆ ಬಣ್ಣ ಮಿಂಚುವ ಬಿಳಿ ಓಪಲ್ ಕಲ್ಲು, ಸುತ್ತ 14 ಸಣ್ಣ ವಜ್ರ. ಮಾರೋಣ ಅಂತ, ಕೊಳೆ ಬಿಡಲೆಂದು ರಾತ್ರಿಯಿಡೀ ಸೋಪು ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ವಜ್ರ ಫಳಫಳ. ಓಪಲ್ ಮಾತ್ರ ಎಣ್ಣೆ ಬಿದ್ದ ಕಾಗದದ ಹಾಗಿದೆ. ಕೆಂಪು, ಹಸಿರು ಮಿಂಚು ಒಂದೂ ಇಲ್ಲ. ಡ್ರೈಯರ್ ಹಿಡಿಯಲಾ?

ಕಟ್ಟುಕೆಲಸ:
ಬೇಡ! ಓಪಲ್ ಒಳಗೇ ನೀರಿರುತ್ತದೆ, ಬಿಸಿಗೆ ಬಿರುಕು ಬಿಡಬಹುದು. ಲೂಪ್, ಅಂದರೆ ಒಡವೆ ನೋಡುವ ಸಣ್ಣ ಭೂತಗನ್ನಡಿ, ಹಿಡಿದು ಪಕ್ಕದಿಂದ ನೋಡಿ. ನೇರ ಗೆರೆ ಕಂಡರೆ ಅದು ಡಬ್ಲೆಟ್, ತೆಳು ಓಪಲ್‌ಗೆ ಬೇರೆ ಕಲ್ಲು ಅಂಟಿಸಿದ್ದು. ಅಂಟಿನೊಳಗೆ ನೀರು ಹೋಗಿದ್ದರೆ ಕಷ್ಟ.

ಹಳೇಪೆಟ್ಟಿಗೆ:
ಗೆರೆ ಇಲ್ಲ. ಇಡೀ ಕಲ್ಲು ಒಂದೇ ಸಮ.

ಕಟ್ಟುಕೆಲಸ:
ಹಾಗಾದರೆ ಹೈಡ್ರೋಫೇನ್, ನೀರು ಕುಡಿಯುವ ಓಪಲ್. ನೀವು ಹೇಳಿದ ಎಣ್ಣೆ ಕಾಗದದ ಲೆಕ್ಕವೇ ಇಲ್ಲೂ. ಸಣ್ಣ ರಂಧ್ರಗಳಲ್ಲಿದ್ದ ಗಾಳಿಯ ಜಾಗಕ್ಕೆ ನೀರು ಬಂತು, ಬೆಳಕು ಚದುರದೆ ನೇರ ಹಾದುಹೋಗುತ್ತಿದೆ. ನೆರಳಲ್ಲಿ ಬಟ್ಟೆಯ ಮೇಲಿಟ್ಟು ಸುಮ್ನೆ ಬಿಡಿ. ದಿನಗಳೇ ಹಿಡಿಯಬಹುದು, ಕೆಲವೊಮ್ಮೆ ವಾರಗಳು. ನಡುವೆ ಮಂಕಾಗಿ ಬೆಳ್ಳಗಾದರೆ ಗಾಬರಿ ಬೇಡ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ದಿನಾ ತೂಗಿ, ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ಹೊಳಪಿಗೆಂದು ಎಣ್ಣೆ ಮಾತ್ರ ಹಚ್ಚಬೇಡಿ, ಅದು ಒಳಗೆ ಹೋದರೆ ಆಚೆ ಬರುವುದಿಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡಿ. 1950ರ ಸುಮಾರಿಗೆ ಒಡವೆಗೆ ಬರುತ್ತಿದ್ದ ಓಪಲ್ ಹೆಚ್ಚಾಗಿ ಆಸ್ಟ್ರೇಲಿಯಾದ್ದು, ಕೂಬರ್ ಪೀಡಿ ಕಡೆಯದ್ದು. ಅದು ಹೀಗೆ ನೀರು ಕುಡಿಯುವುದಿಲ್ಲ. ಈಗ ಸಿಗುವ ಹೈಡ್ರೋಫೇನ್ ಬಹುಪಾಲು ಇಥಿಯೋಪಿಯಾದ ವೆಲೋದ್ದು, ಅಲ್ಲಿ ಸಿಕ್ಕಿದ್ದೇ 2008ರಲ್ಲಿ. ಕಲ್ಲು ಬದಲಾಗಿರಬಹುದು ಅಲ್ವಾ? ಓಪಲ್ ಹಿಡಿದಿರುವ ಲೋಹದ ಕಚ್ಚುಗಳನ್ನು ವಜ್ರದ ಕಚ್ಚುಗಳಿಗೆ ಹೋಲಿಸಿ ನೋಡಿ, ಸವೆತ ಒಂದೇ ಥರ ಇದೆಯಾ ಅಂತ.

ಹಳೇಪೆಟ್ಟಿಗೆ:
9ನೇ ದಿನ. ಮೂರು ದಿನದಿಂದ ತೂಕ ಅಲ್ಲೇ ನಿಂತಿದೆ. ಮಿಂಚು ವಾಪಸ್ ಬಂತು, ಅಂಚಲ್ಲಿ ಚೂರು ಹಳದಿ ಉಳಿದಿದೆ, ಬಹುಶಃ ಸೋಪಿನದ್ದು. ವಜ್ರದ ಕಚ್ಚುಗಳು ಸವೆದು ನುಣ್ಣಗಾಗಿವೆ. ಓಪಲ್‌ನ ನಾಲ್ಕೂ ಚೂಪಾಗಿವೆ, ಒಂದರ ಬುಡದಲ್ಲಿ ಹೊಸ ಬೆಸುಗೆ. ನಿಮ್ಮ ಅನುಮಾನ ನಿಜ ಅನಿಸುತ್ತಿದೆ. ಮಾರಾಟದ ವಿವರ ಹೀಗೆ ತಿದ್ದಿದ್ದೇನೆ: “ಕಟ್ಟು ಹಳೆಯದು, ಓಪಲ್ ಆಮೇಲೆ ಕೂರಿಸಿದ್ದಿರಬಹುದು. ನೀರಿಗೆ ಹಾಕಬೇಡಿ.” ಬೆಲೆಯನ್ನೂ ಇಳಿಸಿದೆ.