ಸಹಾಯ ಬೇಕು: ನಿಮ್ಮ 5 ಅಥವಾ 10 ಕಿ.ಮೀ. ಓಟದ ಸಮಯ ತಿಳಿಸಿ

ನಮಸ್ಕಾರ. ಮೈಸೂರಿನಲ್ಲಿ ಹವ್ಯಾಸಕ್ಕೆ ಓಡುವವರಿಗಾಗಿ 10 ಕಿ.ಮೀ. ಓಟದ ಸ್ಟಾರ್ಟ್ ಸಾಲುಗಳನ್ನು ವಿಂಗಡಿಸುತ್ತಿದ್ದೇವೆ: 55 ನಿಮಿಷದೊಳಗಿನವರು, 55–65, 65–75, ಕೊನೆಗೆ ನಡೆಯುತ್ತಾ ಓಡುವವರು. ನಿಧಾನದವರು ಮುಂದೆ ನಿಂತರೆ ಹಿಂದಿನವರು ಅಡ್ಡಾದಿಡ್ಡಿ ನುಗ್ಗುತ್ತಾರೆ, ಕಾಲು ತೊಡರಿ ಬೀಳುವುದು ಆಗಲೇ.

10 ಕಿ.ಮೀ. ಓಡಿಲ್ಲವೇ? 5 ಕಿ.ಮೀ. ಸಮಯ ಸಾಕು. ಆದರೆ ಬರೀ ಎರಡರಿಂದ ಗುಣಿಸಬೇಡಿ. ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ, ಹಾಗಾಗಿ 2.085ರಿಂದ ಗುಣಿಸಿ. 30 ನಿಮಿಷದವರಿಗೆ ಸುಮಾರು ಅರವತ್ತೆರಡೂವರೆ ನಿಮಿಷ ಬರುತ್ತದೆ. ವಾರಕ್ಕೊಮ್ಮೆಯೂ 8 ಕಿ.ಮೀ. ಓಡದವರು ಇನ್ನೂ ಎರಡು ಮೂರು ನಿಮಿಷ ಸೇರಿಸಿಕೊಳ್ಳುವುದು ಒಳ್ಳೆಯದು.

ಚಾಮುಂಡಿ ಬೆಟ್ಟ ಹತ್ತಿದ ಸಮಯ ಬೇಡ, ಸಮತಟ್ಟಾದ ರಸ್ತೆಯದು ಕೊಡಿ. ಚಿಪ್ ಸಮಯವೋ (ನೀವು ಸ್ಟಾರ್ಟ್ ಗೆರೆ ದಾಟಿದಾಗಿನಿಂದ ಎಣಿಸಿದ್ದು) ಗನ್ ಸಮಯವೋ (ಓಟ ಶುರುವಾದ ಸೂಚನೆಯಿಂದ ಎಣಿಸಿದ್ದು) ದಯವಿಟ್ಟು ಬರೆಯಿರಿ. ಗನ್ ಸಮಯದಲ್ಲಿ ಸ್ಟಾರ್ಟ್ ಗೆರೆ ಮುಟ್ಟುವವರೆಗೆ ಕಾದದ್ದೂ ಸೇರಿರುತ್ತದೆ.