ಬೂಟ್ ಆಗುವಾಗ ಬರುವ ಮೆಸೇಜ್‌ಗಳು ಯಾವ ಫೈಲ್‌ನಲ್ಲಿರುತ್ತವೆ? ಸಿಸ್‌ಲಾಗ್ ಕಾಣುತ್ತಲೇ ಇಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಲಿನಕ್ಸ್ ಇದೆ, ಹೊಸದಾಗಿಯೇ ಹಾಕಿದ್ದು. ಮೂರು ವಾರದಿಂದ ಆನ್ ಆಗಲು ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತಿದೆ. ಪರದೆ ಮೇಲೆ ಸಾಲುಗಳು ಸರಸರ ಓಡಿ ಒಂದು ಕಡೆ ನಿಂತುಬಿಡುತ್ತವೆ, ಕೆಂಪು ನಕ್ಷತ್ರದ ಗುರುತುಗಳು ಆ ಕಡೆ ಈ ಕಡೆ ಓಡಾಡುತ್ತವೆ, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಲೆಕ್ಕ, ಅದು ಮುಗಿದ ಮೇಲೇ ಲಾಗಿನ್ ಬರುವುದು. ಓದುವಷ್ಟರಲ್ಲಿ ಪರದೆ ಖಾಲಿ. /ವಾರ್/ಲಾಗ್ ಒಳಗೆ ಹುಡುಕಿದೆ, ಸಿಸ್‌ಲಾಗ್ ಇಲ್ಲ, ಮೆಸೇಜಸ್ ಅನ್ನುವ ಫೈಲೂ ಇಲ್ಲ. ನಾನೇ ಏನಾದರೂ ಅಳಿಸಿಬಿಟ್ಟೆನಾ?

ಉತ್ತರ 1:
ನೀವೇನೂ ಅಳಿಸಿಲ್ಲ, ಗಾಬರಿ ಬೇಡ. ಡೆಬಿಯನ್ 12ರಿಂದ ಆ ಲಾಗ್ ಫೈಲ್‌ಗಳನ್ನು ಬರೆಯುವ ಆರ್‌ಸಿಸ್‌ಲಾಗ್ ಪ್ರೋಗ್ರಾಂ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಹಾಗಾಗಿ ಆ ಫೈಲ್‌ಗಳೇ ಹುಟ್ಟುವುದಿಲ್ಲ. ಎಲ್ಲವೂ ಸಿಸ್ಟಮ್‌ಡಿಯ (ಬೂಟ್ ಆಗುವಾಗ ಸರ್ವೀಸ್‌ಗಳನ್ನು ಎಬ್ಬಿಸುವ ಪ್ರೋಗ್ರಾಂ) ಜರ್ನಲ್ ಅನ್ನುವ ಲಾಗ್‌ನಲ್ಲಿದೆ. ಟರ್ಮಿನಲ್‌ನಲ್ಲಿ ಸುಡೋ ಜರ್ನಲ್‌ಸಿಟಿಎಲ್ -ಬಿ ಅಂತ ಕೊಡಿ, ಈ ಸಲದ ಬೂಟ್ ಮೊದಲ ಸಾಲಿನಿಂದ ಕಾಣುತ್ತದೆ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಬಿಡಬೇಡಿ, ಬಿಟ್ಟರೆ ನಿಮ್ಮ ಯೂಸರ್‌ಗೆ ಸೇರಿದ್ದಷ್ಟೇ ಕಾಣಬಹುದು. ತೆರೆದ ಮೇಲೆ ಒಂದು ಸ್ಲ್ಯಾಶ್ ಒತ್ತಿ 'ಟೈಮ್ಡ್ ಔಟ್' ಅಂತ ಇಂಗ್ಲಿಷ್‌ನಲ್ಲಿ ಹುಡುಕಿ, ಟಿ ಅಕ್ಷರ ದೊಡ್ಡದಿರಲಿ. 90 ಸೆಕೆಂಡ್ ಅಂದರೆ ಸಿಸ್ಟಮ್‌ಡಿ ಯಾವುದೋ ಡಿಸ್ಕಿಗಾಗಿ ಕಾದು ಕೂತಿರುತ್ತದೆ, ಹೆಚ್ಚಿನ ಸಲ ಅದೇ.

ಉತ್ತರ 2:
ಡಿಮೆಸೇಜ್ (dmesg) ಕಮಾಂಡ್ ನೋಡಿದರೆ ಸಾಕು ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ. ಅದರಲ್ಲಿ ಇರುವುದು ಮುಖ್ಯವಾಗಿ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳಿನ ಮಾತು. ಯಾವ ಸರ್ವೀಸ್ ಎದ್ದಿತು, ಯಾವುದು ಬಿದ್ದಿತು ಅನ್ನುವುದಕ್ಕೆ ಜರ್ನಲ್ಲೇ ಬೇಕು. ಇನ್ನೊಂದು ವಿಷಯ, ಹಿಂದಿನ ಸಲದ ಬೂಟ್ ನೋಡಬೇಕಾದರೆ -ಬಿ ಆದ ಮೇಲೆ -1 ಹಾಕಿ. /ವಾರ್/ಲಾಗ್/ಜರ್ನಲ್ ಫೋಲ್ಡರ್ ಇದ್ದರೆ ಮಾತ್ರ ಹಳೆಯದು ಸಿಗುತ್ತದೆ, ಇಲ್ಲದಿದ್ದರೆ ಅದು /ರನ್ ಒಳಗೆ, ಅಂದರೆ ರ‍್ಯಾಮ್‌ನಲ್ಲಿ ಇರುತ್ತದೆ, ಆಫ್ ಮಾಡಿದರೆ ಹೋಯಿತು. ಡೆಬಿಯನ್‌ನಲ್ಲಿ 11ರಿಂದಲೇ ಆ ಫೋಲ್ಡರ್ ಇರುತ್ತದೆ, ನಿಮಗೆ ತೊಂದರೆ ಇಲ್ಲ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಒಂದು ಉದ್ದದ ಯುಯುಐಡಿಗಾಗಿ (ಡಿಸ್ಕ್ ಭಾಗದ ಗುರುತಿನ ನಂಬರ್) ಕಾದು ಸಾಕಾಯಿತು ಅಂತ ಒಂದು ಸಾಲು, ಅದರ ಕೆಳಗೇ ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) 'ಡಿಪೆಂಡೆನ್ಸಿ ಫೇಲ್ಡ್'. ಹೋದ ತಿಂಗಳು ಪಕ್ಕದಲ್ಲೇ ಇನ್ನೊಂದು ಲಿನಕ್ಸ್ ಹಾಕಿ ನೋಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ 1:
ಅದೇ ಕಾರಣ. ಆ ಇನ್‌ಸ್ಟಾಲರ್ ಸ್ವಾಪ್ ಪಾರ್ಟಿಷನ್ ಅನ್ನು ಮತ್ತೆ ಫಾರ್ಮ್ಯಾಟ್ ಮಾಡಿದೆ, ಯುಯುಐಡಿ ಬದಲಾಗಿದೆ. ಡೆಬಿಯನ್ ಮಾತ್ರ ಹಳೇ ನಂಬರ್ ಹಿಡಿದು ಕಾಯುತ್ತಿದೆ. ಸುಡೋ ಬಿಎಲ್‌ಕೆಐಡಿ ಕೊಟ್ಟು ಹೊಸ ನಂಬರ್ ನೋಡಿ, ಬೂಟ್‌ನಲ್ಲಿ ಯಾವ ಪಾರ್ಟಿಷನ್ ಜೋಡಿಸಬೇಕು ಅಂತ ಬರೆದಿರುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಸ್ವಾಪ್ ಸಾಲಿನಲ್ಲಿ ಅದನ್ನು ಹಾಕಿ. ಮೊದಲು ಫೈಲ್‌ನ ಒಂದು ಕಾಪಿ ಇಟ್ಟುಕೊಳ್ಳಿ, ದಯವಿಟ್ಟು. ರೂಟ್ (ಮುಖ್ಯ ಪಾರ್ಟಿಷನ್) ಸಾಲು ಕೆಟ್ಟರೆ ಮೆಷಿನ್ ಸರಿಯಾಗಿ ಏಳದೇ ಹೋಗಬಹುದು.

ಪ್ರಶ್ನೆ ಕೇಳಿದವರು:
ಮಾಡಿದೆ, ಕೆಂಪು ನಕ್ಷತ್ರ ಹೋಯಿತು. ತುಂಬಾ ಥ್ಯಾಂಕ್ಸ್. ಆದರೆ ಶುರುವಿನಲ್ಲೇ ಅರ್ಧ ನಿಮಿಷ ಈಗಲೂ ಸುಮ್ನೆ ನಿಲ್ಲುತ್ತದೆ. ಜರ್ನಲ್‌ನಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ಉತ್ತರ 2:
ಇಲ್ಲಿ ಡಿಮೆಸೇಜ್ ಕೆಲಸಕ್ಕೆ ಬರುತ್ತದೆ ನೋಡಿ. ಎಡಗಡೆ ಚೌಕ ಕಂಸದಲ್ಲಿ ಬೂಟ್ ಆದಾಗಿನಿಂದ ಎಷ್ಟು ಸೆಕೆಂಡ್ ಅಂತ ಇರುತ್ತದಲ್ಲ, ಅದು 4ರಿಂದ ನೇರ 35ಕ್ಕೋ ಏನೋ ಹಾರಿದೆಯಾ?

ಪ್ರಶ್ನೆ ಕೇಳಿದವರು:
ಹೌದು, 5ರಿಂದ 37ಕ್ಕೆ!

ಉತ್ತರ 2:
ಹಾಗಾದರೆ ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ರ‍್ಯಾಮ್‌ಗೆ ಬರುವ ಪುಟ್ಟ ತಾತ್ಕಾಲಿಕ ಸಿಸ್ಟಮ್) ಕಾಯುತ್ತಿದೆ, ಜರ್ನಲ್ ಶುರುವಾಗುವುದಕ್ಕೂ ಮುಂಚೆ. ಅದಕ್ಕೇ ಅಲ್ಲಿ ಸಾಲಿಲ್ಲ. ಹೈಬರ್ನೇಟ್‌ನಿಂದ (ಕೆಲಸವನ್ನು ಸ್ವಾಪ್‌ನಲ್ಲಿ ಉಳಿಸಿ ಆಫ್ ಆಗುವುದು) ಏಳಲು ಹಳೇ ಸ್ವಾಪನ್ನೇ ಹುಡುಕುತ್ತಿರಬೇಕು. /ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್ ಫೈಲ್ ತೆರೆದು ನಂಬರ್ ಬದಲಿಸಿ, ಆಮೇಲೆ ಸುಡೋ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು ಕೊಡಿ.

ಪ್ರಶ್ನೆ ಕೇಳಿದವರು:
ಅದೇ ಫೈಲ್‌ನಲ್ಲಿ ಹಳೇ ನಂಬರ್ ಇತ್ತು. ಬದಲಿಸಿದೆ, ಈಗ 24 ಸೆಕೆಂಡಿಗೆ ಲಾಗಿನ್.