ಅವಳಿ ಅಕ್ಕನಿಗೆ ಶುಗರ್ ಬಂತು. ಹಾಗಾದ್ರೆ ನನಗೆ?

ಹನ್ನೆರಡು ನಿಮಿಷ ಚಿಕ್ಕವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾವು ಅವಳಿ. ವಯಸ್ಸು 44. ಅಕ್ಕ ನನಗಿಂತ ಹನ್ನೆರಡು ನಿಮಿಷ ದೊಡ್ಡವಳು. ಚಿಕ್ಕಂದಿನಲ್ಲಿ ಅಪ್ಪನೇ ಹೆಸರು ತಪ್ಪಿ ಕರೆಯುತ್ತಿದ್ದರು. ಏಳನೇ ಕ್ಲಾಸಿನಲ್ಲಿ ಅವಳ ಗಣಿತ ಪರೀಕ್ಷೆ ನಾನು ಬರೆದುಕೊಟ್ಟಿದ್ದೂ ಇದೆ. ಮೇಷ್ಟ್ರಿಗೆ ಇವತ್ತಿಗೂ ಗೊತ್ತಿಲ್ಲ. ಮದುವೆಯಾದ ಮೇಲೆ ಅವಳು ಶಿರಸಿ ಹತ್ತಿರದ ಹಳ್ಳಿ ಸೇರಿದಳು. ತೋಟ, ಕೊಟ್ಟಿಗೆ, ಸೀಜನ್ನಿನಲ್ಲಿ ಅಡಿಕೆ ಸುಲಿಯೋದು. ನಾನು ಹುಬ್ಬಳ್ಳಿಗೆ ಬಂದೆ, ಬ್ಯಾಂಕಿನ ಕುರ್ಚಿಗೆ ಅಂಟಿಕೊಂಡೆ. ಅವಳ ತೂಕ 53 ಕೆಜಿ, ನನ್ನದು 66.

ಈಗ ಹೇಳಿ, ಶುಗರ್ ಯಾರಿಗೆ ಬರಬೇಕಿತ್ತು? ಬಂದಿದ್ದು ಅವಳಿಗೆ. ಮೂರು ತಿಂಗಳ ಸರಾಸರಿ 7.3. ಮಾತ್ರೆ ಶುರುವಾಗಿದೆ. ಎರಡನೇ ಬಸಿರಿನಲ್ಲಿ ಶುಗರ್ ಬಂದಿತ್ತು, ಹೆರಿಗೆಯಾದ ಮೇಲೆ "ಹೋಯ್ತು, ಇನ್ನು ಏನೂ ಇಲ್ಲ" ಅಂದು ಕಳಿಸಿದ್ದರು. ಆಮೇಲೆ ಹದಿನಾಲ್ಕು ವರ್ಷ ಯಾರೂ ನೋಡಲಿಲ್ಲ. ನನ್ನ ಎರಡೂ ಬಸಿರಿನಲ್ಲಿ ಅಂಥದ್ದೇನೂ ಇರಲಿಲ್ಲ.

ಚೌತಿಗೆ ತವರಿಗೆ ಹೋದಾಗ ಸುಮ್ನೆ ತಮಾಷೆಗೆ ಒಂದು ಪ್ರಯೋಗ ಮಾಡಿದೆವು. ಇಬ್ಬರೂ ನಾಲ್ಕು ನಾಲ್ಕು ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ), ಎರಡೆರಡು ಚಮಚ ಜೋನಿ ಬೆಲ್ಲ (ನೀರು ಬೆಲ್ಲ). ಚಹಾ ಇಲ್ಲ. ಎರಡು ಗಂಟೆ ಅಮ್ಮನ ಜೊತೆ ಹರಟೆ. ಆಮೇಲೆ ಅಕ್ಕನ ಮೀಟರಿನಲ್ಲಿ ಇಬ್ಬರೂ ಬೆರಳು ಚುಚ್ಚಿಕೊಂಡೆವು. ಅವಳದು 214, ನನ್ನದು 148. "ನಾನು ಪಾಸು" ಅಂತ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಜೀನ್ ಒಂದೇ ಅಂದಮೇಲೆ ಅವಳಿಗೆ ಬಂದದ್ದು ನನಗೆ ಯಾಕಿಲ್ಲ? ಅಥವಾ ನಾವು ಐಡೆಂಟಿಕಲ್, ಅಂದರೆ ಒಂದೇ ಮೊಟ್ಟೆ ಎರಡಾಗಿ ಹುಟ್ಟಿದ ಅವಳಿ, ಅಲ್ಲವೇ ಅಲ್ವಾ? ಹುಟ್ಟಿದಾಗ ಎರಡು ಮಾಸು (ಪ್ಲಸೆಂಟಾ) ಇತ್ತಂತೆ, ಹಾಗಾಗಿ ಐಡೆಂಟಿಕಲ್ ಅಲ್ಲ ಅಂತ ಆಗ ಹೇಳಿದ್ದರಂತೆ. ಇನ್ನೊಂದು, ಅಮ್ಮನ ಲೆಕ್ಕದಲ್ಲಿ ಹುಟ್ಟಿದಾಗ ಅಕ್ಕ ನಾಲ್ಕು ಪೌಂಡು, ನಾನು ಐದೂಕಾಲು.

ಲ್ಯಾಬ್ ಕೋಟು

ಅಕ್ಕಾ, ಮೊದಲು ಒಂದು ಮಾತು. ಜೋನಿ ಬೆಲ್ಲ ಮುಟ್ಟಿದ ಬೆರಳು ತೊಳೆದುಕೊಂಡಿದ್ರಾ? ನಗಬೇಡಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿಕೊಂಡು ಮುನ್ನೂರು ಬಂತು ಅಂತ ಅತ್ತವರನ್ನು ನೋಡಿದ್ದೇನೆ. ಮನೆ ಮೀಟರಿನಲ್ಲಿ ನೂರಕ್ಕೆ ಹದಿನೈದರಷ್ಟು ಆಚೀಚೆ ಆಗೋದು ಮಾಮೂಲು. ನಿಮ್ಮ 148 ಅಂದರೆ 126 ಇರಬಹುದು, 170 ಕೂಡ ಇರಬಹುದು. ಅದನ್ನು ಪಾಸು ಅನ್ನಬೇಡಿ. ಊಟವಾಗಿ ಎರಡು ಗಂಟೆಗೆ 140 ದಾಟಿದರೆ ನಾನು ಲ್ಯಾಬಿಗೆ ಬನ್ನಿ ಅಂತಲೇ ಹೇಳೋದು.

ಖಾಲಿ ಹೊಟ್ಟೆಯದು ಮತ್ತು ಎಚ್‌ಬಿಎ1ಸಿ (ನೀವು ಹೇಳಿದ ಮೂರು ತಿಂಗಳ ಸರಾಸರಿ) ಎರಡೂ ಮಾಡಿಸಿ. ಎಚ್‌ಬಿಎ1ಸಿ 5.7ರಿಂದ 6.4 ಬಂದರೆ ಗಡಿಯಲ್ಲಿದ್ದೀರಿ, 6.5ರಿಂದ ಮೇಲೆ ಶುಗರ್. ರಕ್ತ ಕಡಿಮೆ ಇದ್ದರೆ ಈ ಲೆಕ್ಕ ತಪ್ಪುತ್ತದೆ, ಕಬ್ಬಿಣದ ಅಂಶ ಕಡಿಮೆಯಿದ್ದರೆ ಸುಳ್ಳು ಜಾಸ್ತಿ ತೋರಿಸುತ್ತದೆ. ಹಿಮೋಗ್ಲೋಬಿನ್ನೂ ಜೊತೆಗೇ ನೋಡಿಸಿ.

ಮಾಸಿನ ಮಾತು ಹಳೇ ತಪ್ಪು. ಮೊಟ್ಟೆ ಮೊದಲ ಮೂರು ದಿನದೊಳಗೆ ಎರಡಾದರೆ ಐಡೆಂಟಿಕಲ್ ಅವಳಿಗಳಿಗೂ ಬೇರೆ ಬೇರೆ ಮಾಸು ಇರುತ್ತದೆ. ಅಂಥವರು ಸುಮಾರು ಮೂರರಲ್ಲಿ ಒಂದು ಪಾಲು. ಖಚಿತ ಆಗಬೇಕಾದರೆ ಡಿಎನ್‌ಎ ಪರೀಕ್ಷೆಯೇ ದಾರಿ. ಆದರೆ ಅಪ್ಪನಿಗೇ ಗುರುತು ಸಿಗುತ್ತಿರಲಿಲ್ಲ ಅಂದಮೇಲೆ ಆ ದುಡ್ಡು ಉಳಿಸಿ.

ಬಸಿರಿನಲ್ಲಿ ಶುಗರ್ ಬಂದವರಿಗೆ ಮುಂದೆ ಬರುವ ಸಾಧ್ಯತೆ ಬೇರೆಯವರಿಗಿಂತ ಏಳು ಪಟ್ಟು ಜಾಸ್ತಿ. ಹೆರಿಗೆಯಾಗಿ ಮೂರು ತಿಂಗಳೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸಲೇಬೇಕು. ನಿಮ್ಮ ಅಕ್ಕನಿಗೆ ಅದನ್ನು ಹೇಳದೆ ಕಳಿಸಿದ್ದು ಕೇಳಿ ಮೈ ಉರಿಯಿತು.

ಗಿರಿಯಪ್ಪನ ಮೊಮ್ಮಗ

ಎಲ್ಲಾ ಹಣೆಬರಹ. ನಮ್ಮಜ್ಜ ದಿನಾ ಪಾಯಸ ಹೊಡೆದು 91 ವರ್ಷ ಬದುಕಿದ.

ಹನ್ನೆರಡು ನಿಮಿಷ ಚಿಕ್ಕವಳು

ನಿಮ್ಮಜ್ಜನಿಗೆ ಅವಳಿ ಇದ್ದಿದ್ದರೆ ಆ ಮಾತು ಕೇಳುತ್ತಿದ್ದೆ ನೋಡಿ 😀

ಲ್ಯಾಬ್ ಅಣ್ಣ, ಕೈ ತೊಳೆದಿರಲಿಲ್ಲ. ಲಂಗಕ್ಕೆ ಒರೆಸಿಕೊಂಡಿದ್ದೆ.

ಹೆಲ್ಸಿಂಕಿ ಚಳಿ

ನಾನಿರೋದು ಫಿನ್ಲೆಂಡಿನಲ್ಲಿ. ಓದಿದ್ದು ಅಂಕಿಅಂಶ, ಡಾಕ್ಟರ್ ಅಲ್ಲ. ಈ ದೇಶದಲ್ಲಿ ಸಾವಿರಾರು ಅವಳಿಗಳ ಲೆಕ್ಕವನ್ನು 1970ರ ದಶಕದಿಂದ ಇಟ್ಟಿದ್ದಾರೆ. ನಿಮ್ಮ ಪ್ರಶ್ನೆಯನ್ನೇ ಅವರೂ ಕೇಳಿದ್ದಾರೆ. 1992ರಲ್ಲಿ ಬಂದ ಉತ್ತರ: ಒಬ್ಬರಿಗೆ ಟೈಪ್ 2 ಶುಗರ್ (ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವ ಮಾಮೂಲಿ ಶುಗರ್) ಇದ್ದರೆ ಇನ್ನೊಬ್ಬರಿಗೂ ಇರುವ ಪ್ರಮಾಣ ಐಡೆಂಟಿಕಲ್ ಅವಳಿಗಳಲ್ಲಿ ಶೇ. 34, ಬೇರೆ ಅವಳಿಗಳಲ್ಲಿ ಶೇ. 16. ಅಂದರೆ ಜೀನ್ ಪಾಲು ಇದೆ, ಆದರೆ ನೂರಕ್ಕೆ ನೂರಂತೂ ಅಲ್ಲ.

ಇಷ್ಟಕ್ಕೇ ಸಮಾಧಾನ ಪಡಬೇಡಿ. ಆ ಲೆಕ್ಕ ಒಂದು ಹೊತ್ತಿನ ಫೋಟೋ ಇದ್ದ ಹಾಗೆ. ಬ್ರಿಟನ್ನಿನಲ್ಲಿ ಒಬ್ಬರಿಗೆ ಶುಗರ್ ಬಂದಿದ್ದ ಐಡೆಂಟಿಕಲ್ ಅವಳಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಇಬ್ಬರಿಗೂ ಶುಗರ್ ಇದ್ದ ಜೋಡಿಗಳು ಮೊದಲ ವರ್ಷ ಶೇ. 17, ಹದಿನೈದು ವರ್ಷದ ಹೊತ್ತಿಗೆ ಶೇ. 76. ನಿಮಗೆ "ಬಂದಿಲ್ಲ" ಅನ್ನೋದಕ್ಕೂ "ಇನ್ನೂ ಬಂದಿಲ್ಲ" ಅನ್ನೋದಕ್ಕೂ ವ್ಯತ್ಯಾಸ ಇದೆ.

ನನಗೆ ಇಷ್ಟವಾದ ಪ್ರಯೋಗ ಕೆನಡಾದ ಕ್ವಿಬೆಕ್‌ನದು. ಹನ್ನೆರಡು ಜೋಡಿ ಐಡೆಂಟಿಕಲ್ ಹುಡುಗರನ್ನು ಕೂರಿಸಿ, ನೂರು ದಿನದಲ್ಲಿ 84 ದಿನ, ದಿನಕ್ಕೆ ಒಂದು ಸಾವಿರ ಕ್ಯಾಲರಿ ಜಾಸ್ತಿ ತಿನ್ನಿಸಿದರು. ಎಲ್ಲರಿಗೂ ಅಷ್ಟೇ ಹೆಚ್ಚುವರಿ ತುತ್ತು. ಒಬ್ಬನಿಗೆ 4.3 ಕೆಜಿ ಏರಿತು, ಇನ್ನೊಬ್ಬನಿಗೆ 13.3. ಆದರೆ ಒಂದೇ ಜೋಡಿಯ ಇಬ್ಬರು ಹೆಚ್ಚುಕಡಿಮೆ ಒಂದೇ ಥರ ದಪ್ಪಗಾದರು. ಹೊಟ್ಟೆಯೊಳಗಿನ ಕೊಬ್ಬಿನಲ್ಲಂತೂ ಆ ಹೋಲಿಕೆ ಇನ್ನೂ ಜಾಸ್ತಿ.

2020ರಲ್ಲಿ ಲಂಡನ್ನಿನವರು ಸಾವಿರ ಜನಕ್ಕೆ ಒಂದೇ ಅಳತೆಯ ಮಫಿನ್ ಕೊಟ್ಟು ಸಕ್ಕರೆ ಅಳೆದರು. ಹೆಚ್ಚಿನವರು ಅವಳಿಗಳು. ನಿಮ್ಮ ತೆಳ್ಳೇವು ಪ್ರಯೋಗವೇ, ಕೈ ತೊಳೆದುಕೊಂಡು ಮಾಡಿದ್ದು. ಜನರ ನಡುವಿನ ಸಕ್ಕರೆ ಏರಿಕೆಯ ವ್ಯತ್ಯಾಸದಲ್ಲಿ ಜೀನ್ ಪಾಲು ಶೇ. 48 ಬಂತು. ಇದರರ್ಥ ನಿಮ್ಮ 148ರಲ್ಲಿ 71 ಜೀನ್‌ನದು ಅಂತ ಅಲ್ಲ. ತೆಳ್ಳೇವಿನ ರುಚಿಯಲ್ಲಿ ಹಿಟ್ಟಿನದೆಷ್ಟು, ಕಾವಲಿಯದೆಷ್ಟು ಅಂತ ಒಂದೇ ತೆಳ್ಳೇವು ಹಿಡಿದು ಹೇಳೋಕಾಗಲ್ಲ. ಊರಿನ ಮನೆಗಳ ತೆಳ್ಳೇವು ಒಂದಕ್ಕಿಂತ ಒಂದು ಯಾಕೆ ಬೇರೆ ಅಂತ ಕೇಳಿದರೆ ಹೇಳಬಹುದು.

ಹುಟ್ಟಿದಾಗಿನ ತೂಕ ಬರೆದಿದ್ದೀರಲ್ಲ, ಅದು ಚಿಕ್ಕ ವಿಷಯ ಅಲ್ಲ. 1997ರಲ್ಲಿ ಡೆನ್ಮಾರ್ಕಿನವರು, ಒಬ್ಬರಿಗೆ ಮಾತ್ರ ಶುಗರ್ ಇದ್ದ ಅವಳಿಗಳನ್ನು ಹುಡುಕಿ ಹುಟ್ಟಿದಾಗಿನ ತೂಕ ತೆಗೆಸಿದರು. ಶುಗರ್ ಬಂದವರೇ ಸರಾಸರಿಯಲ್ಲಿ ಹಗುರ ಹುಟ್ಟಿದವರು. ಒಂದೇ ಗರ್ಭದಲ್ಲಿದ್ದರೂ ಊಟ ಸಮಪಾಲಲ್ಲ. ನಿಮ್ಮ ಇಬ್ಬರ ದಾರಿ ಮದುವೆಯಲ್ಲಿ ಬೇರೆಯಾಯಿತು ಅಂದಿರಿ. ನನ್ನ ಪ್ರಕಾರ ಅದಕ್ಕೂ ಮುಂಚೆಯೇ ಆಗಿರಬಹುದು.

ಮೈಸೂರು ಮಂಡಿಮೊಹಲ್ಲಾ

ಡೆನ್ಮಾರ್ಕಿನ ಲೆಕ್ಕವನ್ನು ಹಾಗೇ ಇಲ್ಲಿಗೆ ತರುವ ಮುಂಚೆ ಒಂದು ತಕರಾರು. ನಮ್ಮೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ಪುಸ್ತಕಗಳಿವೆ. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. 1998ರಲ್ಲಿ ಬಂದ ವರದಿ ಪ್ರಕಾರ ಇಲ್ಲಿ ಶುಗರ್ ಜಾಸ್ತಿ ಇದ್ದದ್ದು ಹುಟ್ಟಿದಾಗ ಗಿಡ್ಡಕ್ಕೆ, ದುಂಡಗೆ ಇದ್ದವರಲ್ಲಿ. ಬರೀ ಹಗುರ ಅಂದರೆ ಸಾಲದು.

ಅಕ್ಕ ತೆಳ್ಳಗಿದ್ದಾಳೆ ಅನ್ನೋದಕ್ಕೆ: ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯೂಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ಅಳೆದು ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಲಂಡನ್ನಿನವರ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮವರ ಮೈಯಲ್ಲಿ 21.2. ನಮ್ಮ ಕಡೆ ತೂಕದ ಯಂತ್ರಕ್ಕಿಂತ ಟೇಪು ನಂಬಬೇಕು. ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಬಾರದು.

ಹನ್ನೆರಡು ನಿಮಿಷ ಚಿಕ್ಕವಳು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಧೈರ್ಯ ಬರಬೇಕಲ್ಲ.

ಖಾಲಿ ಹೊಟ್ಟೆಯದು 106, ಎಚ್‌ಬಿಎ1ಸಿ 6.0, ಹಿಮೋಗ್ಲೋಬಿನ್ 12.8. ಸೊಂಟ 91. ಅಕ್ಕನ ಸೊಂಟ ಫೋನಿನಲ್ಲೇ ಅಳೆಸಿದೆ. 53 ಕೆಜಿಯವಳದು 84! ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವಳು, "ಅವತ್ತು ನನ್ನ ಗಣಿತ ಪರೀಕ್ಷೆ ನೀನು ಬರೆದೆ. ಇದನ್ನು ನಾನು ಮೊದಲು ಬರೆದು ಪೇಪರ್ ನಿನ್ನ ಕೈಗೆ ಕೊಟ್ಟಿದೀನಿ, ನೋಡ್ಕೋ" ಅಂದಳು.

ಇಲ್ಲಿನ ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. ಚೆನ್ನೈನಲ್ಲಿ ಗಡಿಯಲ್ಲಿದ್ದವರ ಮೇಲೆ ಮಾಡಿದ ಪ್ರಯೋಗದ ಬಗ್ಗೆ ಹೇಳಿದರು. 2006ರ ಮಾತಂತೆ. ಮೂರು ವರ್ಷದಲ್ಲಿ, ಏನೂ ಮಾಡದವರಲ್ಲಿ ಶೇ. 55 ಜನಕ್ಕೆ ಶುಗರ್ ಬಂತು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಶೇ. 39. ಅಷ್ಟೇನಾ ಅನ್ನಿಸಿತು ಮೊದಲು. ಆಮೇಲೆ ಬ್ಯಾಂಕಿನವಳ ಬುದ್ಧಿಯಿಂದ ಲೆಕ್ಕ ಹಾಕಿದೆ. ನೂರರಲ್ಲಿ ಹದಿನಾರು ಜನ ಉಳಿದುಕೊಂಡರು. ನಮ್ಮ ಬ್ರಾಂಚಿನಲ್ಲಿರೋದೇ ಹನ್ನೊಂದು ಜನ.

ಈಗ ಸಂಜೆ ಎರಡು ಸ್ಟಾಪು ಮುಂಚೆ ಬಸ್ ಇಳಿದು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾ ನಡೆಯುತ್ತೇನೆ. ಅವಳು ಅಂಗಳದಲ್ಲಿ ನಡೆಯುತ್ತಾಳೆ. ಶುಕ್ರವಾರ ಗ್ಲೂಕೋಸ್ ಕುಡಿಸುವ ಪರೀಕ್ಷೆ ಇದೆ. ಲ್ಯಾಬ್ ಅಣ್ಣ, ಹೇಗೆ ಹೋಗಬೇಕು?

ಲ್ಯಾಬ್ ಕೋಟು

ಗುರುವಾರ ರಾತ್ರಿ ಎಂಟೂವರೆಗೆ ಊಟ ಮುಗಿಸಿ. ಆಮೇಲೆ ನೀರು ಮಾತ್ರ. ಅದಕ್ಕೆ ಮುಂಚಿನ ಮೂರು ದಿನ ಅನ್ನ ಬಿಟ್ಟು ಪಥ್ಯ ಮಾಡಬೇಡಿ, ಮಾಮೂಲಿ ಊಟ ಮಾಡಿ. ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. 75 ಗ್ರಾಂ ಗ್ಲೂಕೋಸ್ ನೀರು ಕೊಡುತ್ತಾರೆ, ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ವಾಕರಿಕೆ ಬಂದರೆ ಲಿಂಬೆ ಹಿಂಡಿಕೊಡಿ ಅಂತ ಕೇಳಿ. ಎರಡು ಗಂಟೆ ಕೂತೇ ಇರಬೇಕು, ಓಡಾಡಬಾರದು. ಫೋನ್ ಚಾರ್ಜ್ ಮಾಡಿಕೊಂಡು ಹೋಗಿ, ಅಕ್ಕನ ಜೊತೆ ಮಾತಾಡಬಹುದು.

ಕೈ ತೊಳೆದುಕೊಳ್ಳೋದು ಬೇಡ. ರಕ್ತ ತೋಳಿನಿಂದ ತೆಗೆಯುತ್ತಾರೆ.